ಬೀಗಕ್ಕೆ ತೊಡಿಸಿದ ಅಂಗಿ

ಒಂಬತ್ತನೆಯ ಕಂತು

“ಇದು ನನ್ನ ಹೊಲಿಗೆ ಅಲ್ಲ ಮೇಡಂ.”

ಟೈಲರಕ್ಕ ಹಾಗೆಂದವಳೇ ಕೆಂಪು ಬಟ್ಟೆಯ ಚೀಲವನ್ನು ಕತ್ತರಿ ಮೇಜಿನ ಮೇಲೆ ಎಸೆದಳು. ಎಸ್‌ಐ ಮೇಡಂ ತಲೆಯ ಟೋಪಿ ತೆಗೆದು ಹೊಲಿಗೆ ಮೆಷಿನ್ನಿನ ಮೇಲಿಟ್ಟರು. ಚೀಲವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ನನಗೆ ಎಲ್ಲಾ ಒಂದೇ ಥರ ಕಾಣ್ತಿದೆ ಅಕ್ಕಾ.”

“ನಿಮಗೊಬ್ಬರಿಗಲ್ಲ, ಬೀದಿಗೆಲ್ಲಾ ಹಾಗೇ ಕಾಣಿಸ್ತು. ಕಳ್ಳನಿಗೆ ಬೇಕಾಗಿದ್ದೂ ಅದೇ.”

ಮಹಡಿಮನೆಯವರು ಮಗಳ ಊರಿಗೆ ಹೋಗಿ ಹತ್ತು ದಿನ ಇದ್ದು ನಿನ್ನೆ ಮರಳಿದ್ದರು. ಬಾಗಿಲ ಬೀಗ ಭದ್ರವಾಗಿತ್ತು, ಬೀಗದ ಮೇಲಿನ ಕೆಂಪು ಚೀಲವೂ ಭದ್ರವಾಗಿತ್ತು. ಒಳಗಿನ ಕಪಾಟು ಮಾತ್ರ ಗುಡಿಸಿಟ್ಟಂತೆ ಖಾಲಿ. ಎರಡು ತಿಂಗಳಲ್ಲಿ ಹೀಗೆ ಬರಿದಾದ ಮೂರನೆಯ ಮನೆ ಅದು.

ಆ ಚೀಲದ ಉಪಾಯ ಎಸ್‌ಐ ಮೇಡಂ ಅವರದೇ. ಬೀದಿಯವರು ಪೊಲೀಸರ ಜೊತೆ ಸೇರಿ ಕಾವಲು ಸಮಿತಿ ಕಟ್ಟಿಕೊಂಡ ಹೊಸದರಲ್ಲಿ ಅವರು ಒಂದು ಮಾತು ಹೇಳಿದ್ದರು. ಠಾಣೆಯಲ್ಲಿ ಕಳವಿನ ಮಾಲು ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಹೊಲಿದಿಡುತ್ತಾರೆ, ಯಾರಾದರೂ ಮುಟ್ಟಿದ್ದರೆ ಹೊಲಿಗೆಯಿಂದಲೇ ಗೊತ್ತಾಗುತ್ತದೆ, ಊರಿಗೆ ಹೋದವರ ಮನೆಯ ಬೀಗಕ್ಕೂ ಹಾಗೇ ಮಾಡಬಾರದೇಕೆ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಲಿಯುವ ಕೆಲಸ ಟೈಲರಕ್ಕನ ಪಾಲಿಗೆ ಬಂತು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಸಂಜೆ ಒಬ್ಬರು ಬೀದಿ ಸುತ್ತಿ ಚೀಲ ನೋಡಿ ಬರಬೇಕು ಎಂದಾಯಿತು.

ನೋಡಿದರು, ಇಲ್ಲವೆನ್ನುವಂತಿಲ್ಲ. ಗೇಟಿನ ಹೊರಗೆ ನಿಂತು, ಕೆಂಪು ಕಂಡಿತೇ ಎಂದು ಕತ್ತು ಉದ್ದ ಮಾಡಿ ನೋಡಿ, ಕಂಡಿತು ಎಂದು ಮುಂದೆ ಹೋದರು. ಬೀಗಕ್ಕೆ ಅಂಗಿ ತೊಡಿಸಿದ ಮೇಲೆ ಬೀದಿಯವರು ಅಂಗಿಯನ್ನು ನೋಡಿದರೇ ಹೊರತು ಬೀಗವನ್ನು ನೋಡಲಿಲ್ಲ.

“ಇಲ್ಲಿ ನೋಡಿ,” ಎಂದು ಟೈಲರಕ್ಕ ಮೂರೂ ಚೀಲಗಳನ್ನು ಸಾಲಾಗಿ ಹರಡಿದಳು. ಊರಿಂದ ಮರಳಿದ ಮನೆಯವರು ಅವಸರದಲ್ಲಿ ಚೀಲದ ಹೊಟ್ಟೆಗೇ ಕತ್ತರಿ ಹಾಕಿದ್ದರಿಂದ ಬಾಯಿಯ ಹೊಲಿಗೆ ಹಾಗೇ ಉಳಿದಿತ್ತು. ಕತ್ತರಿಸಿದ ಚೀಲಗಳನ್ನು ಅವಳು ತೇಪೆ ಹಾಕಿ ಮತ್ತೆ ಬಳಸೋಣ ಎಂದು ಎತ್ತಿಟ್ಟುಕೊಂಡಿದ್ದಳು. “ಕಳ್ಳ ನನ್ನ ದಾರ ಬಿಚ್ಚಿದ್ದಾನೆ. ಆಮೇಲೆ ನನ್ನ ತೂತುಗಳಲ್ಲೇ ಮತ್ತೆ ಸೂಜಿ ಹಾಯಿಸಿದ್ದಾನೆ. ಅದಕ್ಕೇ ನೋಡಿದೋರಿಗೆ ನನ್ನ ಹೊಲಿಗೆ ಥರಾನೇ ಕಾಣುತ್ತೆ.”

“ಅಂದ್ರೆ ಕೈ ಪಳಗಿದೋನು.”

“ಪಳಗಿದೋನು. ಆದ್ರೆ ಕೊನೇಲಿ ಎಡವಿದ್ದಾನೆ.”

ಅವಳು ಸೂಜಿಯ ತುದಿಯಿಂದ ಬಟ್ಟೆಯ ಮಡಿಕೆಯನ್ನು ಮೆಲ್ಲಗೆ ಎತ್ತಿದಳು. ಮಡಿಕೆಯ ಒಳಗೆ ಸಾಸಿವೆ ಕಾಳಿನಷ್ಟು ದಪ್ಪದ ಗಂಟೊಂದು ಅವಿತುಕೊಂಡಿತ್ತು.

“ನಾನು ಹೊಲಿಗೆ ಮುಗಿಸುವಾಗ ಒಂದೇ ಜಾಗದಲ್ಲಿ ಎರಡು ಸಲ ಚುಚ್ಚಿ ದಾರನ ಹಲ್ಲಲ್ಲಿ ಕಡೀತೀನಿ. ಗಂಟು ಹಾಕೋದೇ ಇಲ್ಲ. ಇವನು ಸೂಜಿಗೆ ದಾರನ ಮೂರು ಸುತ್ತು ಸುತ್ತಿ, ಹೆಬ್ಬೆರಳಲ್ಲಿ ಒತ್ತಿಹಿಡಿದು ಎಳೆದಿದ್ದಾನೆ. ಮೂರು ಚೀಲದಲ್ಲೂ ಇದೇ ಗಂಟು.”

ಎಸ್‌ಐ ಮೇಡಂ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಇದನ್ನ ಯಾರಿಗಾದ್ರೂ ಹೇಳಿದೀರಾ?”

“ಈಗ ತಾನೇ ನನಗೇ ಕಂಡಿದ್ದು. ನಿಮಗೊಬ್ಬರಿಗೇ ಹೇಳ್ತಿರೋದು.”

“ತಮ್ಮನಿಗೆ?”

“ಅವನು ಏಳಕ್ಕೆಲ್ಲಾ ಅಂಗಡಿಗೆ ಹೋದ.”

“ಹಾಗಾದ್ರೆ ನಮ್ಮಿಬ್ಬರಲ್ಲೇ ಇರಲಿ ಅಕ್ಕಾ. ಮೂರನೆಯವರ ಕಿವಿಗೆ ಬಿದ್ರೆ ಕಳ್ಳನಿಗೂ ಬೀಳುತ್ತೆ.”

“ಗೋಡೆಗೂ ಹೇಳಲ್ಲ,” ಎಂದಳು ಟೈಲರಕ್ಕ.

ಎಸ್‌ಐ ಮೇಡಂ ಟೋಪಿ ಎತ್ತಿಕೊಂಡರೂ ಹೊರಡಲಿಲ್ಲ. ಇಪ್ಪತ್ತೆಂಟು ವರ್ಷದ ಹುಡುಗಿ, ಬೀದಿಯ ಮಕ್ಕಳ ಹೆಸರೆಲ್ಲಾ ಬಲ್ಲವರು, ಈ ಮುಂಗೋಣೆಯಲ್ಲಿ ಎಷ್ಟೋ ಸಲ ಕೂತು ಟೀ ಕುಡಿದವರು. ಹೇಳಬೇಕಾದ ಮಾತು ಇನ್ನೂ ಉಳಿದಿದೆ ಎಂದು ಟೈಲರಕ್ಕನಿಗೆ ಗೊತ್ತಾಯಿತು.

“ಹೇಳಿಬಿಡಿ ಮೇಡಂ.”

“ನಮ್ಮ ಠಾಣೆ ಸಾಹೇಬರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಇವತ್ತು ಐದು ಗಂಟೆ ಸಭೇಲಿ ಬೀದಿಯವರು ದೂರಿಗೆ ಸಹಿ ಹಾಕಿದ್ರೆ ನಿಮ್ಮ ತಮ್ಮನ್ನ ಅಲ್ಲಿಂದಲೇ ಕರ್ಕೊಂಡು ಹೋಗಬೇಕಂತೆ. ಬೀಗ ಒಡೆದಿಲ್ಲ, ಕೀಲಿಯಲ್ಲಿ ತೆಗೆದಿದ್ದಾರೆ. ಈ ಬೀದೀಲಿ ಕೀಲಿ ಮಾಡೋರು ಅವರೊಬ್ಬರೇ.”

“ಚೀಲ ಹೊಲಿಯೋಳು ನಾನೊಬ್ಬಳೇ. ಅಕ್ಕ ಬಿಚ್ಚಿ ಕೊಟ್ಟಳು, ತಮ್ಮ ಒಳಗೆ ಹೋದ. ಇದೇ ತಾನೇ ಬೀದಿಯವರ ಲೆಕ್ಕ?”

ಮೇಡಂ ತಲೆ ತಗ್ಗಿಸಿದರು.

“ಐದು ಗಂಟೆಗೆ ನೀವೂ ಬನ್ನಿ,” ಎಂದಳು ಟೈಲರಕ್ಕ, ಚೀಲಗಳನ್ನು ಮಡಿಸಿಡುತ್ತಾ. “ನಾನು ಅಲ್ಲಿ ಎಲ್ಲರ ಕೈಗೂ ಒಂದೊಂದು ಸೂಜಿ ಕೊಡ್ತೀನಿ. ಹೊಲಿಗೆ ನೋಡೋಕೆ ಅಂತ ಹೇಳ್ತೀನಿ, ನೋಡೋದು ಗಂಟನ್ನ. ನೀವು ತಡೀಬಾರದು.”

ಎಸ್‌ಐ ಮೇಡಂ ನಕ್ಕರು. “ಪೊಲೀಸ್ ಕೆಲಸಕ್ಕೆ ನೀವು ಸೇರಬೇಕಿತ್ತು ಅಕ್ಕಾ.”

“ಸೇರಿದ್ರೆ ನಿಮ್ಮ ಸಾಹೇಬರು ಅವತ್ತೇ ರಾಜೀನಾಮೆ ಕೊಡ್ತಿದ್ರು.”

*

ಮಧ್ಯಾಹ್ನದ ಹೊತ್ತಿಗೆ ಬೀದಿ ತನ್ನ ತೀರ್ಪು ಕೊಟ್ಟಾಗಿತ್ತು.

ಕಾಂಪೌಂಡರ್‌ನ ಹೆಂಡತಿ ಬಂದು ಹೊಸ್ತಿಲಾಚೆಯೇ ನಿಂತಳು. ಹೊಲಿಯಲು ಕೊಟ್ಟ ಅಂಗಿ ವಾಪಸು ಬೇಕಂತೆ, ಅವಸರವಂತೆ.

“ಇನ್ನೂ ಒಂದು ತೋಳು ಕೂಡಿಸಿಲ್ಲ,” ಎಂದಳು ಟೈಲರಕ್ಕ.

“ಪರವಾಗಿಲ್ಲ, ಹಾಗೇ ಕೊಡಿ.”

“ತಗೊಳ್ಳಿ. ನಿಮ್ಮ ಯಜಮಾನರಿಗೆ ಒಂದು ಕೈ ಜೇಬಲ್ಲಿ ಇಟ್ಕೊಂಡೇ ಓಡಾಡೋಕೆ ಹೇಳಿ, ಯಾರಿಗೂ ಗೊತ್ತಾಗಲ್ಲ.”

ಆ ಹೆಂಗಸು ನಗಲೂ ಆರದೆ ಸಿಟ್ಟಾಗಲೂ ಆರದೆ ಅಂಗಿ ಕಂಕುಳಲ್ಲಿ ಇರುಕಿಕೊಂಡು ಹೋದಳು. ಟೈಲರಕ್ಕನಿಗೆ ಅಳು ಬಂತು. ಈ ಬೀದಿಯ ಅರ್ಧ ಮಕ್ಕಳು ಮೊದಲ ಬಾರಿ ಶಾಲೆಗೆ ಹೋದದ್ದು ಅವಳು ಹೊಲಿದ ಸಮವಸ್ತ್ರದಲ್ಲಿ. ಅಳುತ್ತಾ ಕೂತರೆ ಅವರಿಗೇ ಸಂತೋಷ ಎಂದು ಕೆಂಪು ಬಟ್ಟೆಯ ಥಾನು ತೆಗೆದು ಪರಪರನೆ ಕತ್ತರಿಸತೊಡಗಿದಳು. ಅಂಗೈಯಗಲದ ಹನ್ನೆರಡು ತುಂಡುಗಳಾದವು.

ಅವನ್ನು ಕೈಚೀಲಕ್ಕೆ ಹಾಕಿಕೊಂಡು ಬೀದಿ ಮೂಲೆಗೆ ಹೋದಳು. ತಮ್ಮ ತನ್ನ ಗೂಡಂಗಡಿಯಲ್ಲಿ ಕೂತು ಕೀಲಿಯೊಂದನ್ನು ಅರದಿಂದ ಉಜ್ಜುತ್ತಿದ್ದ. ಗಿರಾಕಿ ಒಬ್ಬನೂ ಇರಲಿಲ್ಲ. ಯಾರಿಗಾಗಿ ಆ ಕೀಲಿ ಎಂದು ಕೇಳುವಂತೆಯೂ ಇರಲಿಲ್ಲ. ಕೈ ಸುಮ್ಮನಿರಲಾರದೆ ಉಜ್ಜುತ್ತಿದ್ದ, ಅಷ್ಟೇ.

“ಊಟ ಮಾಡಿದ್ಯೇನೋ?”

“ಹಸಿವಿಲ್ಲ ಅಕ್ಕಾ.” ಅವನು ತಲೆ ಎತ್ತಲಿಲ್ಲ. “ಇಲ್ಲಿಂದ ಹೊರಟುಹೋಗೋಣ. ಬೇರೆ ಎಲ್ಲಾದ್ರೂ ಮೆಷಿನ್ ಹಾಕ್ಕೊಂಡು ಕೂತ್ರೆ ನಿನಗೆ ಕೆಲಸ ಸಿಗಲ್ವಾ?”

“ನಾನ್ಯಾಕೋ ಹೋಗಲಿ? ಕದ್ದೋನು ಹೋಗಲಿ.”

“ಜನ ಎಲ್ಲಾ ಒಂದು ಕಡೆ ಆದಾಗ...”

“ಜನ ಎಲ್ಲಾ ಒಂದು ಕಡೆ ಆದ್ರೆ ಇನ್ನೊಂದು ಕಡೆ ಜಾಗ ಜಾಸ್ತಿ ಇರುತ್ತೆ. ನಾವಿಬ್ಬರು ಕಾಲು ಚಾಚಿ ಕೂರೋಣ.”

ಅವನು ನಗಲಿಲ್ಲ. ಹದಿಮೂರು ವರ್ಷ ಚಿಕ್ಕವನು, ಅವಳ ಸೊಂಟದ ಮೇಲೇ ಬೆಳೆದವನು. ನೀನು ತೆಗೆದೆಯಾ ಎಂಬ ಒಂದು ಮಾತು ನಿನ್ನೆಯಿಂದ ಅವಳ ನಾಲಿಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ಕೇಳಿದರೆ ಬೀದಿಯವರ ಸಾಲಿಗೆ ತಾನೂ ಸೇರಿದ ಹಾಗೆ. ಅವಳು ಕೇಳಲಿಲ್ಲ.

“ಬೆಳಿಗ್ಗೆ ಎಸ್‌ಐ ಮೇಡಂ ಬಂದಿದ್ರಂತಲ್ಲ, ಏನಂದ್ರು?” ಎಂದು ಅವನೇ ಕೇಳಿದ.

“ಏನಿಲ್ಲ. ಟೀ ಕುಡಿದು ಹೋದ್ರು. ನೀನು ಐದಕ್ಕೆ ವಾಚನಾಲಯಕ್ಕೆ ಬಾ. ಕದ್ದುಮುಚ್ಚಿ ಅಲ್ಲ, ತಲೆ ಬಾಚ್ಕೊಂಡು ಎದುರಿಗೇ ಬಾ.”

*

ವಾಚನಾಲಯದ ಉದ್ದ ಮೇಜಿನ ಮೇಲಿದ್ದ ಪತ್ರಿಕೆಗಳನ್ನು ಯಾರೋ ಒಂದು ಮೂಲೆಗೆ ಒಟ್ಟಿದ್ದರು. ಸಮಿತಿಯ ಹತ್ತು ಜನ ಸುತ್ತ ಕೂತಿದ್ದರು. ಕಿಟಕಿಯ ಬಳಿ ಎಸ್‌ಐ ಮೇಡಂ ನಿಂತಿದ್ದರು. ಹೊರಗೆ ಜೀಪು ಕಾಯುತ್ತಿತ್ತು.

ಸಮಿತಿಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಮೂವತ್ತೈದು ವರ್ಷ ಹಾಜರಿ ಕರೆದ ಗಂಟಲು, ಇಬ್ಬರು ಎದುರಿಗಿದ್ದರೂ ಇನ್ನೂರು ಜನಕ್ಕೆ ಕೇಳುವಂತೆ ಮಾತಾಡುತ್ತಿದ್ದರು. ಅವರು ದೂರಿನ ಹಾಳೆ ಓದಿದರು. ಬೀಗ ರಿಪೇರಿಯವನನ್ನು ಕೂಡಲೇ ಬಂಧಿಸಬೇಕು, ಅಕ್ಕ ತಮ್ಮ ಇಬ್ಬರೂ ಬೀದಿ ಬಿಡಬೇಕು, ಇಷ್ಟು ಅದರ ಸಾರ.

“ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು,” ಎಂದು ಕೊನೆಗೊಂದು ಗಾದೆಯನ್ನೂ ಸೇರಿಸಿದರು. “ದಾರ ಅಕ್ಕನದು, ಕೀಲಿ ತಮ್ಮನದು. ಇನ್ನೇನು ಸಾಕ್ಷಿ ಬೇಕು? ಸಹಿ ಹಾಕಿ.”

“ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ತಿದೀರಿ ಮೇಷ್ಟ್ರೇ,” ಎಂದು ಟೈಲರಕ್ಕ ಎದ್ದು ನಿಂತಳು. “ಸಹಿ ಆಮೇಲೆ. ಮೊದಲು ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡಿ. ಇಲ್ಲಿರೋ ಹತ್ತು ಜನಾನೂ ಬೀದಿ ಸುತ್ತಿದೀರಿ. ಒಂದು ದಿನವಾದ್ರೂ ಗೇಟು ತೆಗೆದು ಒಳಗೆ ಹೋಗಿ ಬೀಗನ ಕೈಯಲ್ಲಿ ಮುಟ್ಟಿ ನೋಡಿದೋರು ಯಾರು? ಕೈ ಎತ್ತಿ.”

ಒಂದು ಕೈಯೂ ಮೇಲೇಳಲಿಲ್ಲ.

“ಹೊಲಿಗೆ ಸರಿಯಾಗಿತ್ತಲ್ಲಮ್ಮ, ಮತ್ತೇನು ಮುಟ್ಟಿ ನೋಡೋದು?” ಎಂದ ಕಾಂಪೌಂಡರ್.

“ಅದೇ ನಾವು ಮಾಡಿದ ತಪ್ಪು. ನಾನೂ ಮುಟ್ಟಿ ನೋಡಲಿಲ್ಲ. ನನ್ನ ಹೊಲಿಗೆ ಅಂತ ನನಗೂ ಕೊಬ್ಬು. ಖಾಲಿ ಮನೆಗೆಲ್ಲಾ ಕೆಂಪು ಬಟ್ಟೆ ಕಟ್ಟಿ, ಬಾರಪ್ಪಾ ಇಲ್ಲಿ ಯಾರೂ ಇಲ್ಲ ಅಂತ ಕಳ್ಳನಿಗೆ ನಾವೇ ದಾರಿ ತೋರಿಸಿದ್ವಿ. ಈಗ ಆ ನಾಚಿಕೆ ಮುಚ್ಚಿಕೊಳ್ಳೋಕೆ ನಿಮಗೆ ಒಬ್ಬ ಬೇಕು. ಕೀಲಿ ಮಾಡೋನು ಸಿಕ್ಕಿದ.”

“ಕಪಾಟು ಖಾಲಿ ಆಗಿರೋದು ನಮ್ಮದು,” ಎಂದರು ಮಹಡಿಮನೆಯಾಕೆ. “ನಮ್ಮಮ್ಮನ ಬಳೆ ಹೋಯ್ತು. ನಾಚಿಕೆ ಕಟ್ಕೊಂಡು ನಾನೇನು ಮಾಡಲಿ?”

ಟೈಲರಕ್ಕ ಅವರ ಕಡೆ ತಿರುಗಿದಳು. ಆ ಮಾತು ನಿಜವಾಗಿತ್ತು.

“ಬಳೆ ಸಿಗಬೇಕು ಅಂದ್ರೆ ಕಳ್ಳ ಸಿಗಬೇಕು ತಂಗಿ. ಯಾರೋ ಒಬ್ಬರನ್ನ ಹಿಡಿದುಕೊಟ್ರೆ ಬಳೆ ಬರುತ್ತಾ?” ಅವಳು ಕೈಚೀಲವನ್ನು ಮೇಜಿನ ಮೇಲೆ ಸುರಿದಳು. ಕೆಂಪು ತುಂಡುಗಳು, ದಾರ ಪೋಣಿಸಿದ ಸೂಜಿಗಳು, ಕತ್ತರಿಸಿದ ಆ ಮೂರು ಚೀಲಗಳು. “ಮೂರು ಚೀಲದಲ್ಲೂ ಇರೋ ಹೊಲಿಗೆ ನನ್ನದಲ್ಲ. ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಒಬ್ಬೊಬ್ಬರೂ ಹತ್ತು ಹೊಲಿಗೆ ಹಾಕಿ ಕೊಡಿ. ಹೋಲಿಸಿ ನೋಡೋಣ.”

ಒಮ್ಮೆಲೇ ಗದ್ದಲ. ಮೇಷ್ಟ್ರು ಮೇಜು ಕುಟ್ಟಿದರು.

“ನಾವು ಸೂಜಿ ಹಿಡೀಬೇಕಾ? ನಮ್ಮನ್ನೇ ಕಳ್ಳರು ಅಂತೀಯಾ?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀರಿ?”

ಮೂಲೆಮನೆ ಅಜ್ಜಿ ಬೊಚ್ಚು ಬಾಯಲ್ಲಿ ಕಿಸಕ್ಕನೆ ನಕ್ಕು, ಮೊದಲ ತುಂಡು ತಾನೇ ಎತ್ತಿಕೊಂಡಿತು. “ಕೊಡೇ ಇಲ್ಲಿ. ಈ ಗಂಡಸರು ಪಂಚಾಯ್ತಿ ಮುಗಿಸೋದ್ರಲ್ಲಿ ನಾನು ಒಂದು ಲಂಗ ಹೊಲೀತೀನಿ.”

ಮೇಷ್ಟ್ರು ಎಸ್‌ಐ ಮೇಡಂ ಮುಖ ನೋಡಿದರು. “ಹೊಲಿದುಬಿಡಿ ಸರ್,” ಎಂದರು ಅವರು, “ಅನುಮಾನ ಹೋಗಲಿ.”

ಹಾಗೆ ಬೀದಿಯ ಕಾವಲು ಸಮಿತಿ ಹೊಲಿಗೆ ತರಗತಿಯಾಯಿತು. ಕಾಂಪೌಂಡರ್ ಗಾಯಕ್ಕೆ ಹಾಕುವಂತೆ ಒಂದೊಂದು ಹೊಲಿಗೆಗೂ ಬೇರೆ ಗಂಟು ಹಾಕಿದ. ಮಹಡಿಮನೆಯಾಕೆ ಎರಡು ಸಲ ಬೆರಳಿಗೆ ಚುಚ್ಚಿಕೊಂಡರು. ಹಾಲಿನ ಅಂಗಡಿಯವನು ಹೊಲಿದು ಮುಗಿಸಿ ನೋಡಿದರೆ ತನ್ನ ಅಂಗಿಯ ತೋಳಿಗೇ ಸೇರಿಸಿಕೊಂಡಿದ್ದ. ಮೇಷ್ಟ್ರ ಹೊಲಿಗೆ ಮಾತ್ರ ಕಾಪಿ ಪುಸ್ತಕದ ಅಕ್ಷರದಂತೆ ನೇರವಾಗಿ ಬಂತು. ಎಲ್ಲರೂ ಬಗ್ಗಿ ನೋಡಿದಾಗ ಅವರ ಕಿವಿ ಕೆಂಪಾಯಿತು.

“ನಮ್ಮನೆಯವಳು ಹೋದ ಮೇಲೆ ಗುಂಡಿ ನಾನೇ ಹಾಕ್ಕೋತೀನಿ,” ಎಂದರು, ಹಾಜರಿ ಕರೆಯುವ ದನಿಯಲ್ಲಿ ಅಲ್ಲ.

ಟೈಲರಕ್ಕ ಅವರ ತುಂಡನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಳು. ತುದಿ ತಿರುಗಿಸಿದಳು. ದಾರವನ್ನು ಎರಡಾಗಿ ಸೀಳಿ ಕಟ್ಟಿದ ಸಾಮಾನ್ಯ ಗಂಟು. ಅಜ್ಜಿ ದಾರವನ್ನು ಕಟ್ಟಿಯೇ ಇರಲಿಲ್ಲ. ಉಳಿದವರ ತುದಿಗಳಲ್ಲಿ ಮೂರು ಸುತ್ತಿನ ಗಂಟು ಒಂದೂ ಇರಲಿಲ್ಲ.

“ಯಾವುದೂ ಹೊಂದಲ್ಲ,” ಎಂದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

“ಮುಗೀತಾ?” ಮೇಷ್ಟ್ರಿಗೆ ದನಿ ಮರಳಿ ಬಂತು. “ಈಗ ಉಳಿದೋರು ಯಾರು? ನಿನ್ನ ತಮ್ಮ. ಬಾಗಿಲಲ್ಲಿ ನಿಂತಿದ್ದಾನಲ್ಲ, ಅವನ ಕೈಗೂ ಸೂಜಿ ಕೊಡು.”

“ಕೊಡ್ತೀನಿ. ನೀವು ಹೇಳದಿದ್ರೂ ಕೊಡ್ತಿದ್ದೆ.” ಅವಳು ಸೆಟೆದು ನಿಂತು ಕೂಗಿದಳು. “ಬಾರೋ ಒಳಗೆ. ಎಲ್ಲರೆದುರಿಗೆ ಕೂತು ಹೊಲಿ.”

*

ತಮ್ಮ ಬಂದು ಕುರ್ಚಿಯ ಅಂಚಿನಲ್ಲಿ ಕೂತ. ತಲೆ ಬಾಚಿಕೊಂಡೇ ಬಂದಿದ್ದ. ಯಾರ ಮುಖವನ್ನೂ ನೋಡದೆ ಬಟ್ಟೆ ಎತ್ತಿಕೊಂಡ.

ಸೂಜಿಯನ್ನು ಮುಷ್ಟಿಯಲ್ಲಿ ಹಿಡಿದ. ಮೊದಲನೆಯ ಹೊಲಿಗೆ ಅಡ್ಡಾದಿಡ್ಡಿ ಹೋಯಿತು. ಎರಡನೆಯದು ಅರ್ಧ ಬೆರಳು ದೂರ ಬಿತ್ತು. ಮೂರನೆಯದಕ್ಕೆ ಬಟ್ಟೆ ಸುರುಟಿಕೊಂಡಿತು.

“ಅಯ್ಯೋ ಪಾಪ, ಸೂಜಿನೇ ಹಿಡಿದಿಲ್ಲ ಮಗು,” ಎಂದಿತು ಅಜ್ಜಿ. ಯಾರೋ ನಕ್ಕರು. ಆ ನಗುವಿನಿಂದ ಕೋಣೆಯ ಬಿಗಿ ಸಡಿಲಿತು. ದೂರಿನ ಹಾಳೆಯ ಮೇಲಿದ್ದ ಮೇಷ್ಟ್ರ ಕೈ ಹಿಂದೆ ಸರಿಯಿತು.

ನಗದವಳು ಟೈಲರಕ್ಕ ಒಬ್ಬಳೇ. ಅಪ್ಪನ ಹೊಲಿಗೆ ಅಂಗಡಿಯಲ್ಲಿ ಅವನಿಗೆ ಹನ್ನೊಂದು ವರ್ಷವಾಗಿದ್ದಾಗ ಸೂಜಿ ಹಿಡಿಯಲು ಕಲಿಸಿದ್ದು ಅವಳೇ. ಹದಿನಾಲ್ಕಕ್ಕೆ ಅವನು ದಿನಕ್ಕೆ ನಲವತ್ತು ಗುಂಡಿಯ ಕಾಜ ಕೈಯಲ್ಲೇ ಹೊಲಿಯುತ್ತಿದ್ದ, ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ. ಅಪ್ಪ ಸತ್ತ ಮೇಲೆ ಈ ಬೀದಿಗೆ ಬಂದರು, ಇಲ್ಲಿ ಅವನು ಬೀಗದ ಕೆಲಸ ಹಿಡಿದ. ಆ ಹಳೆಯ ಕಥೆ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೆದರಿಕೊಂಡಿದ್ದಾನೆ, ಕೈ ನಡುಗಿದೆ, ಅಷ್ಟೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಅವನ ಕೈ ನಡುಗುತ್ತಿರಲಿಲ್ಲ.

ಹತ್ತನೆಯ ಹೊಲಿಗೆ ಮುಗಿಯಿತು. ಮುಗಿದೊಡನೆ ಅವನ ಬೆರಳು ತಾನಾಗಿಯೇ ಓಡಿತು. ದಾರ ಸೂಜಿಯನ್ನು ಸುತ್ತಿತು, ಒಂದು, ಎರಡು, ಮೂರು. ಹೆಬ್ಬೆರಳು ಒತ್ತಲು ಇಳಿಯಿತು.

ಅಲ್ಲಿಗೇ ನಿಂತಿತು. ಅವನು ಒಂದು ಕ್ಷಣ ಕಣ್ಣೆತ್ತಿ ಮೇಡಂ ನಿಂತಿದ್ದ ಕಿಟಕಿಯ ಕಡೆ ನೋಡಿದ. ಆಮೇಲೆ ಮೂರೂ ಸುತ್ತು ಬಿಚ್ಚಿ, ಮಕ್ಕಳು ಶೂ ಲೇಸು ಕಟ್ಟುವಂತೆ ಒಂದು ಒರಟು ಗಂಟು ಹಾಕಿ ಬಟ್ಟೆಯನ್ನು ಮುಂದೆ ತಳ್ಳಿದ.

ಎಸ್‌ಐ ಮೇಡಂ ಬಂದು ತುಂಡನ್ನು ಎತ್ತಿ, ಮಹಡಿಮನೆಯ ಚೀಲದ ಪಕ್ಕ ಹಿಡಿದರು. “ಇದೂ ಹೊಂದಲ್ಲ,” ಎಂದರು ಎಲ್ಲರಿಗೂ ಕೇಳುವಂತೆ. “ಇವರ ಕೈಯಲ್ಲಿ ಆ ಹೊಲಿಗೆ ಆಗೋ ಮಾತೇ ಅಲ್ಲ.”

ಕಾಂಪೌಂಡರ್ ಎದ್ದು ಬಂದು ತಮ್ಮನ ಬೆನ್ನು ತಟ್ಟಿದ. ಮೇಷ್ಟ್ರು ದೂರಿನ ಹಾಳೆ ಎತ್ತಿಕೊಂಡು, ಹರಿಯಲು ಎರಡೂ ಕೈಯಲ್ಲಿ ಹಿಡಿದರು.

“ತಪ್ಪು ತಿಳ್ಕೊಂಡಿದ್ವಿ ಕಣಮ್ಮ. ಕ್ಷಮಿಸು.”

ಟೈಲರಕ್ಕ ಗೆದ್ದಿದ್ದಳು. ಬಾಯಿ ಮುಚ್ಚಿಕೊಂಡು ತಮ್ಮನ ಕೈ ಹಿಡಿದು ಮನೆಗೆ ಹೋದರೆ ಮುಗಿಯಿತು. ನಾಳೆ ಬೆಳಿಗ್ಗೆ ಒಂದು ತೋಳಿನ ಅಂಗಿ ಮತ್ತೆ ಬಾಗಿಲಿಗೆ ಬರುತ್ತದೆ, ಎಲ್ಲವೂ ಮೊದಲಿನಂತಾಗುತ್ತದೆ. ಅವಳು ಕಂಡದ್ದನ್ನು ಬೇರೆ ಯಾರೂ ಕಂಡಿರಲಿಲ್ಲ. ಮಹಡಿಮನೆಯಾಕೆ ಒಬ್ಬರೇ ಇನ್ನೂ ಬೆರಳಿನ ರಕ್ತ ಒರೆಸಿಕೊಳ್ಳುತ್ತಾ, ಯಾರ ಸಂತೋಷದಲ್ಲೂ ಸೇರದೆ ಕೂತಿದ್ದರು.

ತಮ್ಮನ ಮೇಲೆ ಅವಳಿಗೆ ಹಿಂದೆಂದೂ ಬರದಂಥ ಸಿಟ್ಟು ಬಂತು. ಕದ್ದನೋ ಇಲ್ಲವೋ ಆಮೇಲಿನ ಮಾತು, ಇಡೀ ಬೀದಿಯನ್ನು ಎದುರು ಹಾಕಿಕೊಂಡ ಅಕ್ಕನ ಮುಂದೆಯೇ ಕೂತು ಸುಳ್ಳು ಹೊಲಿದನಲ್ಲ!

“ಹರೀಬೇಡಿ ಮೇಷ್ಟ್ರೇ,” ಎಂದಳು.

ಎಲ್ಲರೂ ತಿರುಗಿದರು.

“ಇವನಿಗೆ ಹೊಲಿಗೆ ಬರುತ್ತೆ. ನನಗಿಂತ ಚೆನ್ನಾಗಿ ಬರುತ್ತೆ. ಕಲಿಸಿದ್ದು ನಾನೇ. ಬೇಕು ಅಂತ ಕೆಟ್ಟದಾಗಿ ಹೊಲಿದಿದ್ದಾನೆ.”

“ಅಕ್ಕಾ, ಏನು ಹೇಳ್ತಿದೀರಿ ಅಂತ ಗೊತ್ತಾ ನಿಮಗೆ?” ಎಸ್‌ಐ ಮೇಡಂ ಒಂದು ಹೆಜ್ಜೆ ಮುಂದೆ ಬಂದರು. “ಸುಸ್ತಾಗಿದೀರಿ. ಮನೆಗೆ ಹೋಗಿ, ನಾಳೆ ಮಾತಾಡೋಣ.”

“ಗೊತ್ತಿದೆ ಮೇಡಂ. ಕಳ್ಳನ ಗುರುತು ಹೊಲಿಗೆಯಲ್ಲಿ ಇರಲಿಲ್ಲ, ಕೊನೇ ಗಂಟಲ್ಲಿತ್ತು. ಮೂರು ಸುತ್ತಿನ ಗಂಟು. ಇವನು ಅದನ್ನ ಹಾಕಿದ, ಹಾಕಿ ಬಿಚ್ಚಿದ. ನನ್ನ ಎರಡು ಕಣ್ಣಲ್ಲಿ ನೋಡಿದೆ.” ಒಂದು ಚೀಲ ಎತ್ತಿ, ಮಡಿಕೆಯೊಳಗಿನ ಗಂಟನ್ನು ಎಲ್ಲರಿಗೂ ತೋರಿಸಿದಳು. “ಆ ಗಂಟು ನಾನು ಕಲಿಸಿದ್ದಲ್ಲ. ನಮ್ಮಪ್ಪ ಕಲಿಸಿದ್ದೂ ಅಲ್ಲ. ಅದನ್ನ ಬೇರೆ ಯಾರೋ ಕಲಿಸಿದ್ದಾರೆ. ಇವತ್ತು ಅದನ್ನ ಹಾಕಬೇಡ ಅಂತಲೂ ಯಾರೋ ಹೇಳಿ ಕಳಿಸಿದ್ದಾರೆ.”

ಮೇಷ್ಟ್ರು ಹಾಳೆಯನ್ನು ಹಾಗೇ ಹಿಡಿದುಕೊಂಡಿದ್ದರು. “ಯಾರು ಹೇಳ್ತಾರಮ್ಮ? ಗಂಟಿನ ವಿಷಯ ನಮಗೆ ಯಾರಿಗೂ ಗೊತ್ತೇ ಇರಲಿಲ್ಲವಲ್ಲ.”

“ನಿಮಗೆ ಗೊತ್ತಿರಲಿಲ್ಲ. ಇವನಿಗೂ ನಾನು ಹೇಳಿಲ್ಲ. ಗೊತ್ತಿದ್ದದ್ದು ಇಬ್ಬರಿಗೇ.”

ಅವಳು ಮೇ‌ಜಿನ ಮೇಲೆ ಉಳಿದಿದ್ದ ಹನ್ನೆರಡನೆಯ ತುಂಡನ್ನು ಎತ್ತಿಕೊಂಡಳು. ದಾರ ಪೋಣಿಸಿದ ಸೂಜಿಯನ್ನು ಅದಕ್ಕೆ ಚುಚ್ಚಿ, ಕೈ ನೀಡಿ ಹಿಡಿದಳು.

“ಮೇಡಂ, ಈ ಕೋಣೇಲಿ ಹೊಲೀದೆ ಇರೋರು ನೀವೊಬ್ಬರೇ. ಠಾಣೇಲಿ ಮಾಲು ಹೊಲಿದಿಡೋ ಕೈಯಲ್ಲಿ ಹತ್ತು ಹೊಲಿಗೆ ಹಾಕಿಕೊಡಿ.”

ಎಸ್‌ಐ ಮೇಡಂ ಸೂಜಿಯನ್ನು ನೋಡಿದರು. ಟೈಲರಕ್ಕನ ಮುಖ ನೋಡಿದರು. ಕೈ ಮಾತ್ರ ಬೆಲ್ಟಿನ ಮೇಲೆ ಇದ್ದಲ್ಲೇ ಇತ್ತು.

ಕುರ್ಚಿ ಹಿಂದಕ್ಕೆ ಉರುಳಿಬಿತ್ತು. ತಮ್ಮ ಎದ್ದು ನಿಂತಿದ್ದ.

“ಅವರ ಕೈಗೆ ಸೂಜಿ ಕೊಡಬೇಡ ಅಕ್ಕಾ. ಅವರನ್ನ ಇದರಲ್ಲಿ ಎಳೀಬೇಡ. ಮೂರು ಮನೇನೂ ನಾನೇ. ಬಿಚ್ಚಿದ್ದೂ ನಾನೇ, ಹೊಲಿದದ್ದೂ ನಾನೇ. ಬರ್ಕೊಳ್ಳಿ ಮೇಷ್ಟ್ರೇ, ಎಲ್ಲಿ ಬೇಕೋ ಅಲ್ಲಿ ಸಹಿ ಹಾಕ್ತೀನಿ.”

ಟೈಲರಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. ನೀಡಿದ ಕೈಯನ್ನು ಹಿಂದಕ್ಕೂ ತೆಗೆಯಲಿಲ್ಲ.

“ನಿನ್ನ ಸರದಿ ಮುಗೀತು, ಕೂತ್ಕೋ,” ಎಂದಳು. “ಮೇಡಂ, ನಾನು ಕಾಯ್ತಿದೀನಿ.”